ಎರಡನೇ ಸಲ ನೋಡಿದಾಗಲೇ ಯಾಕೆ ಕಾಣುತ್ತದೆ?

ಪ್ರಶ್ನೆ: ‘ದಿ ಸಿಕ್ಸ್ತ್ ಸೆನ್ಸ್’ ಸಿನಿಮಾವನ್ನು ಕಾಲೇಜಿನಲ್ಲಿದ್ದಾಗ ಹಾಸ್ಟೆಲಿನ ಹಳೇ ಟಿವಿಯಲ್ಲಿ ನೋಡಿದ್ದೆ. ಕೊನೆಯಲ್ಲಿ ಬೆಚ್ಚಿಬಿದ್ದೆ, ಅಷ್ಟೇ ನೆನಪು. ಮೊನ್ನೆ ಮಗನ ಜೊತೆ ಮನೆಯಲ್ಲಿ ಮತ್ತೆ ನೋಡಿದೆ. ಬೇರೆಯೇ ಸಿನಿಮಾ ಅನ್ನಿಸಿತು. ಡಾಕ್ಟರ ಜೊತೆ ಅವನ ಹೆಂಡತಿ ಮಾತೇ ಆಡುವುದಿಲ್ಲ. ಆ ಹುಡುಗನನ್ನು ಬಿಟ್ಟು ಯಾರೂ ಅವನ ಕಡೆ ತಿರುಗಿಯೂ ನೋಡುವುದಿಲ್ಲ. ಇಷ್ಟು ಸ್ಪಷ್ಟವಾಗಿರುವುದು ಆಗ ಯಾಕೆ ಕಾಣಲಿಲ್ಲ? ನನಗೆ ಸಿನಿಮಾ ನೋಡುವುದಕ್ಕೇ ಬರುವುದಿಲ್ಲವೇನೋ ಎಂಬ ಅನುಮಾನ. ಮಗ ‘ನೀವು ಗಮನಿಸದ ಸೂಕ್ಷ್ಮಗಳು’ ಅಂತ ವಿಡಿಯೊಗಳನ್ನು ತೋರಿಸುತ್ತಾನೆ. ಅದರಲ್ಲಿ ಅರ್ಧ ನಂಬಲಿಕ್ಕೇ ಆಗುವುದಿಲ್ಲ. ನಿರ್ದೇಶಕರು ನಿಜಕ್ಕೂ ಇಷ್ಟೆಲ್ಲ ಯೋಚಿಸಿರುತ್ತಾರಾ? ಇನ್ನೊಂದು ತೊಂದರೆ. ಈಗ ಯಾವ ಸಿನಿಮಾ ಹಾಕಿದರೂ ಗೋಡೆಯ ಕ್ಯಾಲೆಂಡರು, ಅಂಗಿಯ ಬಣ್ಣ ಹುಡುಕುತ್ತಾ ಕೂರುತ್ತೇನೆ. ಪದೇ ಪದೇ ನಿಲ್ಲಿಸುತ್ತೇನೆ. ಮನೆಯವರು ಎದ್ದುಹೋಗುತ್ತಾರೆ. ಅವರು ಆ ಸಿನಿಮಾ ಇನ್ನೂ ನೋಡಿಲ್ಲ. ಎಲ್ಲ ಸಿನಿಮಾಗಳನ್ನೂ ಎರಡೆರಡು ಸಲ ನೋಡಬೇಕಾ?
— ದಾವಣಗೆರೆಯ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳಿವೆ. ಮೊದಲ ಸಲ ನಾನು ದಡ್ಡನಾಗಿದ್ದೆನಾ? ಈಗ ಕಂಡದ್ದು ನಿಜವಾಗಿ ಅಲ್ಲಿದೆಯಾ, ಅಥವಾ ನಾವೇ ಕಲ್ಪಿಸಿಕೊಳ್ಳುತ್ತಿದ್ದೇವಾ? ಹುಡುಕುವ ಚಟ ಅಂಟಿಕೊಂಡು ನೋಡುವ ಸುಖವೇ ಹೋಯಿತಲ್ಲ, ಏನು ಮಾಡಲಿ? ನಾನು ಸಿನಿಮಾ ಸಂಕಲನದ ಕೆಲಸದಲ್ಲಿರುವವನು. ಚಿತ್ರ ರಸಗ್ರಹಣ ಶಿಬಿರಗಳಲ್ಲಿ ಪಾಠವನ್ನೂ ಮಾಡುತ್ತೇನೆ. ಈ ಮೂರೂ ಪ್ರಶ್ನೆಗಳನ್ನು ಬೇರೆ ಬೇರೆ ಬಾಯಿಂದ ಎಷ್ಟೋ ಸಲ ಕೇಳಿದ್ದೇನೆ. ಉತ್ತರಿಸಬೇಕೆಂದರೆ ಸಿನಿಮಾದ ಗುಟ್ಟನ್ನು ಬಿಚ್ಚಲೇಬೇಕು. ನೋಡಿರದವರು ಮೊದಲು ನೋಡಿ ಬಂದು ಆಮೇಲೆ ಓದಿ. ಗುಟ್ಟು ಇಷ್ಟೇ: ಸತ್ತವರು ಕಣ್ಣಿಗೆ ಕಾಣುವ ಹುಡುಗ ಕೋಲ್‌ಗೆ ನೆರವಾಗಲು ಬರುವ ಡಾಕ್ಟರ್ ಮಾಲ್ಕಮ್, ಸಿನಿಮಾದ ಶುರುವಿನಲ್ಲೇ ಗುಂಡು ತಗುಲಿ ಸತ್ತಿದ್ದಾನೆ. ಅದು ಅವನಿಗೂ ಗೊತ್ತಿಲ್ಲ, ನಮಗೂ ಕೊನೆಯವರೆಗೆ ಗೊತ್ತಾಗುವುದಿಲ್ಲ.

ನೀವು ದಡ್ಡರಾಗಿರಲಿಲ್ಲ. ನಿಮಗೆ ಸಿನಿಮಾ ಓದಲು ಚೆನ್ನಾಗಿ ಬರುತ್ತಿತ್ತು, ಅದಕ್ಕೇ ಮೋಸಹೋದಿರಿ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಸಿನಿಮಾದಲ್ಲಿ ಒಬ್ಬ ಬಸ್ ಹತ್ತುತ್ತಾನೆ. ಕಟ್. ಹಳ್ಳಿಯಲ್ಲಿ ಇಳಿಯುತ್ತಾನೆ. ನಡುವಿನ ಪ್ರಯಾಣವನ್ನು ಯಾರೂ ತೋರಿಸುವುದಿಲ್ಲ, ನಾವೂ ಕೇಳುವುದಿಲ್ಲ. ಚಿಕ್ಕಂದಿನಿಂದ ನೂರಾರು ಸಿನಿಮಾ ನೋಡಿ ಈ ವ್ಯಾಕರಣ ನಮಗೆ ಬಾಯಿಪಾಠವಾಗಿದೆ. ಎರಡು ಶಾಟ್‌ಗಳ ನಡುವಿನ ಖಾಲಿ ಜಾಗವನ್ನು ಮನಸ್ಸು ತಾನಾಗಿ ತುಂಬಿಕೊಳ್ಳುತ್ತದೆ. 1999ರಲ್ಲಿ ಬಂದ ಆ ಸಿನಿಮಾವನ್ನು ಬರೆದು ನಿರ್ದೇಶಿಸಿದ ಎಂ. ನೈಟ್ ಶ್ಯಾಮಲನ್ ನಂಬಿದ್ದು ಈ ಅಭ್ಯಾಸವನ್ನೇ.

ಹುಡುಗ ಕೋಲ್ ಶಾಲೆಯಿಂದ ಮನೆಗೆ ಬರುವ ದೃಶ್ಯ ನೆನಪಿಸಿಕೊಳ್ಳಿ. ಅವನ ತಾಯಿ ಒಂದು ಕುರ್ಚಿಯಲ್ಲಿದ್ದಾಳೆ, ಡಾಕ್ಟರ್ ಮಾಲ್ಕಮ್ ಎದುರಿನ ಕುರ್ಚಿಯಲ್ಲಿದ್ದಾನೆ. ಇಬ್ಬರೂ ಸುಮ್ಮನೆ ಕೂತಿದ್ದಾರೆ. ನಾವು ಏನಂದುಕೊಳ್ಳುತ್ತೇವೆ? ಮಗನ ಬಗ್ಗೆ ಇಷ್ಟು ಹೊತ್ತು ಮಾತಾಡಿದ್ದಾರೆ, ಅವನು ಬಂದನೆಂದು ನಿಲ್ಲಿಸಿದ್ದಾರೆ, ಅಲ್ವಾ? ಆ ಮಾತುಕತೆಯನ್ನು ಸಿನಿಮಾ ತೋರಿಸಿಯೇ ಇಲ್ಲ. ಅದನ್ನು ಬರೆದದ್ದು ನೀವು. ತಾಯಿ ಮಗನ ಹತ್ತಿರ ಒಂದೆರಡು ಮಾತಾಡಿ ಒಳಗೆ ಹೋಗುತ್ತಾಳೆ. ಅತಿಥಿಗೆ ಒಂದು ಮಾತೂ ಹೇಳುವುದಿಲ್ಲ. ಅಷ್ಟರಲ್ಲಿ ನಿಮ್ಮ ಕಣ್ಣು ಹುಡುಗನ ಮುಖಕ್ಕೆ ಹೋಗಿ ಆಗಿದೆ.

ನೆಲಮಾಳಿಗೆಯ ಬಾಗಿಲೂ ಹೀಗೇ. ಕೆಂಪು ಹಿಡಿಕೆ ತಿರುಗುವುದಿಲ್ಲ. ಮಾಲ್ಕಮ್ ಕೀಲಿಗಾಗಿ ಜೇಬು ತಡಕುತ್ತಾನೆ. ಮುಂದೆ ಅವನನ್ನು ಕಾಣುವಾಗ ಒಳಗೆ ಕೂತಿದ್ದಾನೆ. ಕೀಲಿ ಸಿಕ್ಕಿರಬೇಕು ಅಂದುಕೊಂಡು ಮುಂದೆ ಹೋದಿರಿ. ಆ ಬಾಗಿಲಿಗೆ ಅಡ್ಡವಾಗಿ ಮೇಜು ಇಟ್ಟಿರುವುದು ಕೊನೆಯಲ್ಲೇ ಗೊತ್ತಾಗುವುದು. ಆ ಸಿನಿಮಾಕ್ಕೆ ಬಂದ 6 ಆಸ್ಕರ್ ನಾಮನಿರ್ದೇಶನಗಳಲ್ಲಿ ಒಂದು ಸಂಕಲನಕ್ಕೆ, ಆಂಡ್ರ್ಯೂ ಮಾಂಡ್‌ಶೈನ್ ಅವರ ಕೆಲಸಕ್ಕೆ. ನನ್ನ ಮಟ್ಟಿಗೆ ಆ ಚಿತ್ರದ ಗುಟ್ಟು ಕತೆಯಲ್ಲಿರುವುದಕ್ಕಿಂತ ಜಾಸ್ತಿ ಕಟ್‌ಗಳಲ್ಲಿದೆ.

ನಮ್ಮಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. 2013ರ ‘ಲೂಸಿಯಾ’, ಪ್ರೇಕ್ಷಕರೇ ಹಣ ಕೂಡಿಸಿದ ಪವನ್ ಕುಮಾರ್ ಅವರ ಸಿನಿಮಾ. ಟಾಕೀಸಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ನಿಕ್ಕಿಯ ಬದುಕು ಬಣ್ಣದಲ್ಲಿದೆ. ಸ್ಟಾರ್ ನಟನಾಗಿರುವ ಇನ್ನೊಂದು ಬದುಕು ಕಪ್ಪು ಬಿಳುಪಿನಲ್ಲಿದೆ. ಯಾವುದು ನಿಜ, ಯಾವುದು ಕನಸು? ಸಿನಿಮಾದ ಹಳೇ ರೂಢಿ ಗೊತ್ತಿದ್ದವರು ಯೋಚಿಸುವುದೇ ಇಲ್ಲ. ಕಪ್ಪು ಬಿಳುಪು ಅಂದರೆ ಕನಸು, ಇಲ್ಲವೇ ಫ್ಲ್ಯಾಶ್‌ಬ್ಯಾಕ್. ಕೊನೆಗೆ ಎಲ್ಲ ತಲೆಕೆಳಗಾಗುತ್ತದೆ. ಎರಡನೇ ಸಲ ನೋಡುವಾಗ ಬಣ್ಣದ ಪ್ರತಿ ಶಾಟ್‌ಗೂ ಬೇರೆಯೇ ಅರ್ಥ. ಎಲ್ಲವನ್ನೂ ಪಡೆದ ಒಬ್ಬ ಮನುಷ್ಯ ಹಂಬಲಿಸುವುದು ಇಂಥ ಪುಟ್ಟ ಬದುಕಿಗಾ ಎಂದು ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಉತ್ತರವನ್ನು ಎಲ್ಲೂ ಬಚ್ಚಿಟ್ಟಿರಲಿಲ್ಲ. ಇಡೀ ಪರದೆಗೆ ಬಳಿದಿಟ್ಟಿದ್ದರು.

ಕಣ್ಣಿನ ಮಿತಿಯೂ ಇದೆ. ಕೈ ಪೂರ್ತಿ ಚಾಚಿ ನಿಮ್ಮ ಹೆಬ್ಬೆರಳಿನ ಉಗುರು ನೋಡಿ. ಒಂದು ಕ್ಷಣಕ್ಕೆ ಕಣ್ಣು ತೀಕ್ಷ್ಣವಾಗಿ ಕಾಣುವುದು ಹೆಚ್ಚುಕಡಿಮೆ ಅಷ್ಟೇ ಜಾಗವನ್ನು. ಉಳಿದದ್ದೆಲ್ಲ ಮಸುಕು. ಎಲ್ಲವೂ ಕಾಣುತ್ತಿದೆ ಅನ್ನಿಸುವುದು, ಕಣ್ಣು ಸೆಕೆಂಡಿಗೆ ಮೂರ್ನಾಲ್ಕು ಸಲ ಜಿಗಿಯುತ್ತಿರುವುದರಿಂದ. ಹಾಗಾದರೆ ಎಲ್ಲಿಗೆ ಜಿಗಿಯಬೇಕೆಂದು ಹೇಳುವವರು ಯಾರು? ರಷ್ಯಾದ ವಿಜ್ಞಾನಿ ಆಲ್ಫ್ರೆಡ್ ಯಾರ್ಬಸ್ ಇದನ್ನು ಅಳೆದು ತೋರಿಸಿದರು. ಒಂದೇ ಚಿತ್ರವನ್ನು ಜನರ ಮುಂದಿಟ್ಟು ಪ್ರಶ್ನೆ ಮಾತ್ರ ಬದಲಿಸಿದರು. ಇವರ ವಯಸ್ಸೆಷ್ಟು ಎಂದು ಕೇಳಿದರೆ ಕಣ್ಣು ಮುಖಗಳ ಮೇಲೆ ಓಡಾಡಿತು. ಇವರು ಸ್ಥಿತಿವಂತರಾ ಎಂದರೆ ಬಟ್ಟೆ, ಪೀಠೋಪಕರಣಗಳ ಮೇಲೆ ಹೋಯಿತು. ನಮ್ಮ ಕಣ್ಣು ಮನಸ್ಸಿನಲ್ಲಿರುವ ಪ್ರಶ್ನೆಯ ಹಿಂದೆ ಹೋಗುತ್ತದೆ.

‘ದಿ ಸಿಕ್ಸ್ತ್ ಸೆನ್ಸ್’ ಬಂದ 1999ರಲ್ಲೇ ಅಮೆರಿಕದ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಚಾಬ್ರಿಸ್ ಒಂದು ಪ್ರಯೋಗ ಪ್ರಕಟಿಸಿದರು. ಬಿಳಿ ಅಂಗಿಯವರು ಎಷ್ಟು ಸಲ ಚೆಂಡು ದಾಟಿಸುತ್ತಾರೆ, ಎಣಿಸಿ ಅಂದರು. ನಡುವೆ ಗೊರಿಲ್ಲಾ ವೇಷದವರೊಬ್ಬರು ಬಂದು, ಎದೆ ಬಡಿದುಕೊಂಡು ಹೋದರು. ನೋಡಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಕಾಣಲೇ ಇಲ್ಲ. ಅವರ ಕಣ್ಣಿಗೆ ದೋಷವಿರಲಿಲ್ಲ. ಹೇಳಿದ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿದ್ದರು.

ಹಾಸ್ಟೆಲಿನಲ್ಲಿ ನಿಮಗೂ ಒಂದು ಕೆಲಸ ಕೊಟ್ಟಿದ್ದರು. ಈ ಹುಡುಗನಿಗೆ ಏನಾಗಿದೆ? ಡಾಕ್ಟರ್ ಅವನನ್ನು ಉಳಿಸುತ್ತಾನಾ? ಮೊನ್ನೆ ನೋಡುವಾಗ ಆ ಪ್ರಶ್ನೆಗೆ ಉತ್ತರ ಗೊತ್ತಿತ್ತು. ಮನಸ್ಸಿಗೆ ಹೊಸ ಪ್ರಶ್ನೆ ಬಂದಿತ್ತು: ಇವನನ್ನು ಯಾರಾದರೂ ನೋಡುತ್ತಿದ್ದಾರಾ? ಕಣ್ಣು ಅದರ ಹಿಂದೆ ಹೋಯಿತು. ಮದುವೆ ವಾರ್ಷಿಕೋತ್ಸವದ ಹೋಟೆಲ್ ದೃಶ್ಯದಲ್ಲಿ ಅವನು ಕುರ್ಚಿ ಎಳೆಯದೆ ಕೂರುವುದು, ಬಿಲ್ಲಿಗೆ ಕೈ ಚಾಚುವಷ್ಟರಲ್ಲಿ ಹೆಂಡತಿ ಅದನ್ನು ತನ್ನ ಕಡೆ ಎಳೆದುಕೊಳ್ಳುವುದು, ಎಲ್ಲ ಕಂಡಿತು. ಮೊದಲು ಅದು ಗಂಡನ ಮೇಲಿನ ಮುನಿಸು. ಈಗ ಒಬ್ಬಳೇ ಕೂತು ವಾರ್ಷಿಕೋತ್ಸವ ಆಚರಿಸಿಕೊಳ್ಳುವ ವಿಧವೆಯ ದುಃಖ. ಅದೇ ಶಾಟ್, ಅದೇ ನಟನೆ. ಒಲಿವಿಯಾ ವಿಲಿಯಮ್ಸ್ ಅದನ್ನು ಎರಡೂ ಅರ್ಥಕ್ಕೆ ಹೊಂದುವಂತೆ ನಟಿಸಿದ್ದಾರಲ್ಲ, ನನಗೆ ಈಗಲೂ ಅದೇ ಬೆರಗು.

ಹಾಸ್ಟೆಲ್ ಟಿವಿಯ ಪಾಲೂ ಸ್ವಲ್ಪ ಇದೆ. ಆ ಸಿನಿಮಾದ ಚೌಕಟ್ಟಿನ ಅಗಲ ಎತ್ತರದ 1.85ರಷ್ಟು. ಹಳೇ ಟಿವಿ ಪರದೆಯದು 1.33. ಪರದೆ ತುಂಬುವಂತೆ ಎಳೆದು ತೋರಿಸಿದರೆ ಬದಿಗಳಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಚಿತ್ರ ಹೋಗುತ್ತದೆ. ಇನ್ನೂ ಅಗಲದ, 2.39ರ ಸಿನಿಮಾ ಆದರೆ ನೂರಕ್ಕೆ 44 ಭಾಗ ಮಾಯ. ಅಂದರೆ ನಿಮಗೆ ಕಾಣದೇ ಹೋದದ್ದರಲ್ಲಿ ಕೆಲವು ಆ ಪರದೆಯ ಮೇಲೆ ಇಲ್ಲದೆಯೂ ಇದ್ದಿರಬಹುದು. ಈಗ ಮೊಬೈಲಿನಲ್ಲಿ ನೋಡುವವರಿಗೆ ಬೇರೆ ತೊಂದರೆ. ಕತ್ತಲ ದೃಶ್ಯಗಳು ಮಸಿಯಾಗುತ್ತವೆ, ಸಣ್ಣ ಶಬ್ದಗಳು ಕೇಳುವುದೇ ಇಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ನಿರ್ದೇಶಕರು ಇಷ್ಟೆಲ್ಲ ಯೋಚಿಸಿರುತ್ತಾರಾ? ಈ ಸಿನಿಮಾದ ಮಟ್ಟಿಗೆ ಹೌದು. ಕೆಂಪು ಬಣ್ಣವನ್ನು ಬೇಕೆಂದೇ ಅಳೆದು ಬಳಸಿದ್ದಾರೆ. ಉಳಿದ ಬಣ್ಣಗಳನ್ನು ತಗ್ಗಿಸಿ, ಇನ್ನೊಂದು ಲೋಕ ಈ ಲೋಕವನ್ನು ಮುಟ್ಟುವ ಕಡೆಯಲ್ಲಿ ಕೆಂಪು ಇಟ್ಟಿದ್ದಾರೆ. ಬಾಗಿಲ ಹಿಡಿಕೆ, ಹುಟ್ಟುಹಬ್ಬದ ಬಲೂನು, ಕೋಲ್ ಅಡಗಿ ಕೂರುವ ಗುಡಾರ, ಮಗಳಿಗೆ ವಿಷವಿಟ್ಟು ಕೊಂದ ಇನ್ನೊಬ್ಬ ತಾಯಿ ಅವಳ ಅಂತ್ಯಸಂಸ್ಕಾರದ ದಿನ ಉಟ್ಟ ಉಡುಪು. ಮಾಲ್ಕಮ್‌ನ ಬಟ್ಟೆಗಳಿಗೂ ಒಂದು ನಿಯಮವಿದೆ. ಗುಂಡು ತಗುಲಿದ ಆ ರಾತ್ರಿ ತೊಟ್ಟದ್ದು ಅಥವಾ ಮುಟ್ಟಿದ್ದು, ಅಷ್ಟನ್ನೇ ಅವನು ಸಿನಿಮಾ ಪೂರ್ತಿ ಬದಲಿಸಿ ಬದಲಿಸಿ ಹಾಕುತ್ತಾನೆ. ಚಿತ್ರತಂಡದವರೇ ಇದನ್ನು ಹೇಳಿದ್ದಾರೆ.

ಹಾಗಂತ ಎಲ್ಲ ಸಿನಿಮಾದಲ್ಲೂ ಎಲ್ಲವೂ ಉದ್ದೇಶಪೂರ್ವಕ ಎಂದು ನಂಬಬೇಡಿ. ಎಡಿಟಿಂಗ್ ಕೋಣೆಯಲ್ಲಿ ದಿನಾ ಆಗುವುದನ್ನು ಹೇಳುತ್ತೇನೆ. ಒಂದು ಶಾಟ್‌ನಲ್ಲಿ ಗ್ಲಾಸಿನ ನೀರು ಅರ್ಧ, ಮುಂದಿನದರಲ್ಲಿ ಮುಕ್ಕಾಲು. ನಮಗೆ ಅದು ಗೊತ್ತೇ ಇರುತ್ತದೆ. ಆದರೆ ಆ ಟೇಕ್‌ನಲ್ಲಿ ನಟಿಯ ಕಣ್ಣು ಚೆನ್ನಾಗಿದೆ. ನೀರನ್ನು ಬಿಡುತ್ತೇವೆ, ಕಣ್ಣನ್ನು ಇಟ್ಟುಕೊಳ್ಳುತ್ತೇವೆ. ಹಾಲಿವುಡ್‌ನ ಹಿರಿಯ ಸಂಕಲನಕಾರ ವಾಲ್ಟರ್ ಮರ್ಚ್ ಒಂದು ಒಳ್ಳೆಯ ಕಟ್‌ಗೆ ಏನೇನು ಬೇಕೆಂದು ತೂಕ ಹಾಕಿದ್ದಾರೆ. ಭಾವಕ್ಕೆ ನೂರರಲ್ಲಿ 51, ಕತೆಗೆ 23, ಲಯಕ್ಕೆ 10, ಆ ಕ್ಷಣ ನೋಡುಗನ ಕಣ್ಣು ಪರದೆಯ ಯಾವ ಜಾಗದಲ್ಲಿದೆ ಎಂಬುದಕ್ಕೆ 7. ವಸ್ತುಗಳು ಜಾಗ ತಪ್ಪದಂತೆ ಹೊಂದಿಸುವುದಕ್ಕೆ ಅವರು ಕೊಟ್ಟದ್ದು ಎಲ್ಲಕ್ಕಿಂತ ಕಡಿಮೆ. ನಿಮ್ಮ ಮಗ ನೋಡುವ ವಿಡಿಯೊಗಳಲ್ಲಿ ‘ನಿಗೂಢ ಸುಳಿವು’ ಎನ್ನುವ ಕೆಲವು ಇಂಥ ಗ್ಲಾಸಿನ ನೀರು ಮಾತ್ರ.

ಇವೆರಡರ ನಡುವೆ ಇನ್ನೊಂದು ಬಗೆಯಿದೆ. ನನಗೆ ತುಂಬಾ ಇಷ್ಟವಾದದ್ದು ಅದು. ನಾನು ಕೆಲಸ ಮಾಡಿದ ಒಂದು ಸಿನಿಮಾದಲ್ಲಿ, ಮಗ ಊರಿಗೆ ಬಂದು ತೀರಿಕೊಂಡ ತಾಯಿಯ ಕೋಣೆಯಲ್ಲಿ ಕೂರುತ್ತಾನೆ. ಆಗ ಕಿಟಕಿಯ ಪರದೆ ಒಮ್ಮೆ ಉಬ್ಬಿ ಇಳಿಯುತ್ತದೆ. ಪ್ರದರ್ಶನದ ನಂತರ ಒಬ್ಬರು ಬಂದು, ತಾಯಿ ಬಂದ ಹಾಗಾಯಿತು, ಅದನ್ನು ಹೇಗೆ ಯೋಚಿಸಿದಿರಿ ಎಂದು ಕೇಳಿದರು. ಯಾರೂ ಯೋಚಿಸಿರಲಿಲ್ಲ. ಚಿತ್ರೀಕರಣದ ದಿನ ಗಾಳಿ ಬೀಸಿತ್ತು. ಆದರೆ ಪರದೆ ಅಲ್ಲಾಡದ ಟೇಕ್‌ಗಳೂ ನಮ್ಮ ಹತ್ತಿರ ಇದ್ದವು. ಎಲ್ಲವನ್ನೂ ನೋಡಿ ಇದನ್ನೇ ಆರಿಸಿದೆವು. ಯಾಕೆಂದು ಆಗ ಮಾತಿನಲ್ಲಿ ಹೇಳಲು ಬರುತ್ತಿರಲಿಲ್ಲ. ಗಾಳಿ ಆಕಸ್ಮಿಕ, ಆಯ್ಕೆ ಆಕಸ್ಮಿಕ ಅಲ್ಲ. ಆದ್ದರಿಂದ ಆ ನೋಡುಗರು ಕಂಡದ್ದು ಸುಳ್ಳಲ್ಲ. ನಿರ್ದೇಶಕರ ತಲೆಯಲ್ಲಿ ಇತ್ತಾ ಎಂಬ ಒಂದೇ ಪ್ರಶ್ನೆಯಿಂದ ಈ ವಿಷಯ ಬಗೆಹರಿಯುವುದಿಲ್ಲ.

ಹಾಗಾದರೆ ಅತಿಯಾದ ಅರ್ಥ ಯಾವುದು? ಸ್ಟ್ಯಾನ್ಲಿ ಕುಬ್ರಿಕ್ ಅವರ 1980ರ ‘ದಿ ಶೈನಿಂಗ್’ ಬಗ್ಗೆ ಹುಟ್ಟಿರುವಷ್ಟು ವಾದಗಳು ಬೇರೆ ಸಿನಿಮಾದ ಬಗ್ಗೆ ಹುಟ್ಟಿರುವುದು ಕಡಿಮೆ. ಅದರಲ್ಲಿ ಹುಡುಗ ಅಪೊಲೊ 11ರ ಚಿತ್ರವಿರುವ ಸ್ವೆಟರ್ ತೊಟ್ಟಿದ್ದಾನೆ. ಇದು ಕಣ್ಣಿಗೆ ಕಾಣುವ ಸಂಗತಿ. ಚಂದ್ರನ ಮೇಲೆ ಇಳಿದದ್ದು ಸುಳ್ಳು, ಅದನ್ನು ಕುಬ್ರಿಕ್ ಅವರೇ ಸ್ಟುಡಿಯೊದಲ್ಲಿ ಚಿತ್ರಿಸಿದ್ದರು, ಈ ಸ್ವೆಟರ್ ಅವರ ತಪ್ಪೊಪ್ಪಿಗೆ ಎನ್ನುವುದು ಹಾರಿಕೆ. ಸಿನಿಮಾದ ಒಳಗೆ ಅದಕ್ಕೆ ಯಾವ ಆಧಾರವೂ ಇಲ್ಲ. ಕುಬ್ರಿಕ್ ಜೊತೆ ಬಹಳ ಕಾಲ ದುಡಿದ ಲಿಯಾನ್ ವಿಟಾಲಿ ಇಂಥ ವಾದಗಳನ್ನು ತಳ್ಳಿಹಾಕಿದ್ದರು.

ಒಂದು ಸೂಕ್ಷ್ಮ ನಿಜವಾ ಎಂದು ನೋಡಲು ನಾನು ಮೊದಲು ಕೇಳಿಕೊಳ್ಳುವುದು, ಅದು ಆ ದೃಶ್ಯದ ಭಾವವನ್ನು ಗಾಢ ಮಾಡುತ್ತದಾ ಎಂದು. ಹೋಟೆಲ್ ದೃಶ್ಯದ ಬಿಲ್ಲು ಮಾಡುತ್ತದೆ. ಆಮೇಲೆ, ಅದು ಸಿನಿಮಾದಲ್ಲಿ ಮತ್ತೆ ಮತ್ತೆ ಬರುತ್ತದಾ, ಬೆಳಕು, ಶಬ್ದ, ಕ್ಯಾಮೆರಾ ಅದರ ಕಡೆ ಬೆರಳು ಮಾಡುತ್ತವಾ ಎಂದು. ಸತ್ತವರಿಗೆ ತಾವು ಸತ್ತಿರುವುದು ಗೊತ್ತಿಲ್ಲ, ಕಾಣಬೇಕೆಂದದ್ದನ್ನು ಮಾತ್ರ ಕಾಣುತ್ತಾರೆ ಎಂದು ಕೋಲ್ ಹೇಳುವಾಗ ಕ್ಯಾಮೆರಾ ಮಾಲ್ಕಮ್‌ನ ಮುಖವನ್ನೂ ತೋರಿಸುತ್ತದೆ. ಅದಕ್ಕಿಂತ ನೇರವಾಗಿ ಹೇಳಲು ಆಗುವುದಿಲ್ಲ. ಸುಳಿವನ್ನು ಒಪ್ಪಲು ಸಿನಿಮಾದ ಹೊರಗಿನ ಸಂಖ್ಯೆ, ರಾಜಕೀಯ, ಜಾತಕ ಎಲ್ಲ ತರಬೇಕಾಗಿ ಬಂದರೆ ನಾನು ಕೈಬಿಡುತ್ತೇನೆ.

ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಎರಡನೇ ನೋಟ ಬೇಕಾಗುವುದು ಗುಟ್ಟು, ತಿರುವು ಇರುವ ಸಿನಿಮಾಗಳಿಗೆ ಮಾತ್ರ ಅಂತ. 1977ರಲ್ಲಿ ಬಂದ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದಲ್ಲಿ ಯಾವ ಗುಟ್ಟೂ ಇಲ್ಲ. ಯು.ಆರ್. ಅನಂತಮೂರ್ತಿಯವರ ಕತೆ ಓದಿದವರಿಗೆ ಮೊದಲೇ ಎಲ್ಲ ಗೊತ್ತು. ವಿಧವೆ ಯಮುನಾ ಬಸುರಾಗುತ್ತಾಳೆ, ಅಗ್ರಹಾರ ಅವಳನ್ನು ಹೊರಹಾಕುತ್ತದೆ, ಹೆತ್ತ ತಂದೆಯೇ ಬದುಕಿರುವ ಮಗಳಿಗೆ ಶ್ರಾದ್ಧ ಮಾಡುತ್ತಾನೆ. ಮೊದಲ ಸಲ ನೋಡುವಾಗ ನಾವು ಅವಳ ಹಿಂದೆಯೇ ಇರುತ್ತೇವೆ, ಮುಂದೇನಾಗುತ್ತದೋ ಎಂದು ಹೆದರಿಕೊಂಡು. ಇನ್ನೊಂದು ಸಲ ನೋಡುವಾಗ ಪಾಠಶಾಲೆಗೆ ಹೊಸದಾಗಿ ಬಂದ ಹುಡುಗ ನಾಣಿಯ ಮುಖವನ್ನೇ ಗಮನಿಸಿ. ದೊಡ್ಡವರ ಪಿಸುಮಾತು ಅವನಿಗೆ ಕೇಳುತ್ತದೆ, ಅರ್ಥವಾಗುವುದಿಲ್ಲ. ಅವನಿಗೆ ಗೊತ್ತಿರುವುದು ಒಂದೇ, ಈ ಊರಿನಲ್ಲಿ ತನ್ನನ್ನು ಪ್ರೀತಿಯಿಂದ ನೋಡಿಕೊಂಡವಳು ಇವಳು. ಆಮೇಲೆ ಬಿ.ವಿ. ಕಾರಂತರ ಸಂಗೀತಕ್ಕೆ ಕಿವಿಗೊಡಿ. ಎಸ್. ರಾಮಚಂದ್ರ ಅವರ ಕಪ್ಪು ಬಿಳುಪಿನಲ್ಲಿ ಕಾಡಿನ ಕತ್ತಲೆ ಹೇಗೆ ಮನೆಯೊಳಗೂ ಬರುತ್ತದೆ ನೋಡಿ. ಆ ಚಿತ್ರವನ್ನು ಹೊಸದಾಗಿ ಸಂಸ್ಕರಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಒಳ್ಳೆಯ ಪ್ರತಿಯಲ್ಲಿ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ.

ಈಗ ನೀವೇನು ಮಾಡಬಹುದು? ಎಲ್ಲ ಸಿನಿಮಾವನ್ನೂ ಎರಡು ಸಲ ನೋಡಬೇಕಿಲ್ಲ. ಮುಗಿದು ನಾಲ್ಕು ದಿನವಾದರೂ ತಲೆಯಲ್ಲಿ ಓಡುತ್ತಿದ್ದರೆ ಮತ್ತೆ ನೋಡಿ. ಮರೆತೇಹೋದರೆ ಬಿಡಿ.

ಮರುದಿನವೇ ಮತ್ತೆ ನೋಡಿದರೆ ಕಟ್ಟಡದ ಇಟ್ಟಿಗೆಗಳು ಚೆನ್ನಾಗಿ ಕಾಣುತ್ತವೆ. ಯಾವ ಮಾತು ಎಲ್ಲಿ ಬಂತು, ಯಾವುದನ್ನು ಮೊದಲೇ ಹೇಳಿಟ್ಟಿದ್ದರು ಎಂಬುದೆಲ್ಲ. ಆದರೆ ಭಾವ ತಣ್ಣಗಾಗಿರುತ್ತದೆ, ನೋಡುವುದು ಲೆಕ್ಕ ತಪಾಸಣೆಯಂತಾಗುವ ಅಪಾಯವಿದೆ. ವರ್ಷಗಳು ಬಿಟ್ಟು ನೋಡಿದರೆ ನೀವೇ ಬದಲಾಗಿರುತ್ತೀರಿ. ಹಾಸ್ಟೆಲಿನಲ್ಲಿ ನೀವು ಕೋಲ್ ಆಗಿ ಹೆದರಿದಿರಿ. ಮೊನ್ನೆ ಪಕ್ಕದಲ್ಲಿ ಮಗ ಕೂತಿದ್ದ. ಮಗನಿಗೆ ಏನಾಗಿದೆ ಎಂದು ತಿಳಿಯದೆ ಒದ್ದಾಡುವ ತಾಯಿಯಾಗಿ ಟೋನಿ ಕೊಲೆಟ್ ಅವರ ನಟನೆ ಈ ಸಲ ತಟ್ಟಿರಬೇಕು. ಇದರಲ್ಲೂ ಒಂದು ಅಪಾಯವಿದೆ. ಹಿಂದೆ ಪ್ರೀತಿಸಿದ ಕೆಲವು ಸಿನಿಮಾಗಳು ಈಗ ಸಪ್ಪೆ ಅನ್ನಿಸುತ್ತವೆ, ಕೆಲವದರಲ್ಲಿ ಹೆಣ್ಣನ್ನು ತೋರಿಸಿದ ರೀತಿ ನೋಡಿ ಬೇಸರವಾಗುತ್ತದೆ. ಅದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ವಿವರಣೆಯ ವಿಡಿಯೊಗಳನ್ನು ನಾನು ಬೇಡ ಅನ್ನುವುದಿಲ್ಲ. ಆದರೆ ಎರಡನೇ ನೋಟದ ಮೊದಲು ನೋಡಬೇಡಿ, ಆಮೇಲೆ ನೋಡಿ. ಯಾರ್ಬಸ್ ತೋರಿಸಿದ್ದು ಇಲ್ಲಿಗೂ ಹೊಂದುತ್ತದೆ. ಆ ವಿಡಿಯೊ ನಿಮ್ಮ ಕಣ್ಣಿಗೆ ಇನ್ನೊಬ್ಬರ ಪ್ರಶ್ನೆಯನ್ನು ಕೊಟ್ಟುಬಿಡುತ್ತದೆ. ಅವರು ಹೇಳಿದ ಕೆಂಪು ಬಲೂನು ಕಾಣುತ್ತದೆ, ಅವರು ಹೇಳದ ಒಂದು ನಿಟ್ಟುಸಿರು ತಪ್ಪಿಹೋಗುತ್ತದೆ. ಮಗನಿಗೂ ಇದನ್ನು ಆಟವಾಗಿಸಬಹುದು. ವಿಡಿಯೊ ಹಾಕುವ ಮೊದಲು ಇಬ್ಬರೂ ತಮಗೆ ಕಂಡದ್ದನ್ನು ಬರೆದಿಡಿ. ಆಮೇಲೆ ಹೋಲಿಸಿ ನೋಡಿ, ಯಾವುದನ್ನು ನಂಬಬಹುದು ಎಂದು ವಾದ ಮಾಡಿ. ಅವನಿಗೆ ಅನುಮಾನ ಪಡುವ ಅಭ್ಯಾಸ ತಾನಾಗಿ ಬರುತ್ತದೆ.

ನಿಲ್ಲಿಸಿ ನಿಲ್ಲಿಸಿ ನೋಡುವುದನ್ನು ಮಾತ್ರ ದಯವಿಟ್ಟು ಬಿಡಿ. ಒಂದು ಶಾಟ್ ಎರಡು ಸೆಕೆಂಡ್ ಇರಬೇಕಾ, ಎರಡೂವರೆ ಇರಬೇಕಾ ಎಂದು ನಾವು ದಿನಗಟ್ಟಲೆ ಒದ್ದಾಡಿರುತ್ತೇವೆ. ನಿಲ್ಲಿಸಿದ ಕೂಡಲೇ ಆ ಲಯ ಸತ್ತುಹೋಗುತ್ತದೆ, ಉಳಿಯುವುದು ಫೋಟೊ. ನಿಲ್ಲಿಸಿ ನೋಡಲೇಬೇಕೆಂದರೆ ಇಡೀ ಸಿನಿಮಾ ಮುಗಿದ ಮೇಲೆ ಇಷ್ಟವಾದ ಒಂದೇ ಒಂದು ದೃಶ್ಯ ಆರಿಸಿಕೊಳ್ಳಿ. ಅದನ್ನು ಒಮ್ಮೆ ಶಬ್ದ ತೆಗೆದು ನೋಡಿ. ಇನ್ನೊಮ್ಮೆ ಕಣ್ಣು ಮುಚ್ಚಿ ಬರೀ ಕೇಳಿ. ಶಿಬಿರಗಳಲ್ಲಿ ನಾನು ಮಾಡಿಸುವುದು ಇದನ್ನೇ. ಹತ್ತು ನಿಮಿಷದ ಕೆಲಸ, ಉಳಿದವರಿಗೆ ತೊಂದರೆಯಿಲ್ಲ. ಕ್ಯಾಲೆಂಡರ್ ಹುಡುಕುವ ಚಟ ಹೊಸತರಲ್ಲಿ ಎಲ್ಲರಿಗೂ ಬರುತ್ತದೆ. ನನ್ನ ವಿದ್ಯಾರ್ಥಿಗಳಿಗೂ ಬರುತ್ತದೆ. ಮೊದಲ ನೋಟದಲ್ಲಿ ಮುಖಗಳನ್ನು ನೋಡಿ, ಕತೆಗೆ ಶರಣಾಗಿ, ಮೋಸಹೋಗಿ. ಮೋಸಹೋಗದವರಿಗೆ ಎರಡನೇ ಸಲ ಕಾಣುವುದಕ್ಕೆ ಏನೂ ಉಳಿದಿರುವುದಿಲ್ಲ.

ಮನೆಯವರಿಗೆ ಆ ಸಿನಿಮಾ ತೋರಿಸುವುದಾದರೆ, ಕೊನೆಯಲ್ಲಿ ತಿರುವಿದೆ ಎಂದೂ ಹೇಳಬೇಡಿ. ಅಷ್ಟು ಹೇಳಿದರೂ ಅವರ ಕಣ್ಣಿಗೆ ಬೇರೆ ಕೆಲಸ ಕೊಟ್ಟಂತಾಗುತ್ತದೆ. ದೀಪ ಆರಿಸಿ, ಮೊಬೈಲುಗಳನ್ನು ದೂರ ಇಡಿ, ರಿಮೋಟನ್ನು ಅವರ ಕೈಗೇ ಕೊಡಿ. ಹೋಟೆಲ್ ದೃಶ್ಯ ಬಂದಾಗ ಮಗ ನಿಮ್ಮ ಕಡೆ ತಿರುಗಿ ನಗದಂತೆ ಮೊದಲೇ ಹೇಳಿಟ್ಟಿರಿ.